ಒಂಬತ್ತನೆಯ ವಯಸ್ಸಿಗೆ ಬ್ಲ್ಯಾಕ್ ಬೆಲ್ಟ್: ನಮ್ಮ ಬಡಾವಣೆಯ ಕರಾಟೆ ತರಗತಿಯ ಕುರಿತು

ಮೈಸೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ವಾರಕ್ಕೆ ಮೂರು ಸಂಜೆ ನಡೆಯುವ ಶೋತೊಕಾನ್ ಶೈಲಿಯ ಕರಾಟೆ ತರಗತಿಗೆ ನನ್ನ ಮಗಳು ಐದೂವರೆ ವರ್ಷದವಳಿದ್ದಾಗ ಸೇರಿದಳು. ಈಗ ಅವಳಿಗೆ ಒಂಬತ್ತು ತುಂಬಿದೆ. ಸೊಂಟದಲ್ಲಿ ಬ್ರೌನ್ ಬೆಲ್ಟ್ ಇದೆ, ಕಳೆದ ತಿಂಗಳು ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯ ಅರ್ಜಿಯೂ ಮನೆಗೆ ಬಂದಿತು. ಆ ಅರ್ಜಿಯನ್ನು ನಾವು ತುಂಬಿಕೊಡಲಿಲ್ಲ. ಮೂರೂವರೆ ವರ್ಷ ಗೋಡೆಯ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನೋಡಿದ್ದನ್ನು ಆಧರಿಸಿ ಈ ತರಗತಿಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ನನ್ನ ಆಕ್ಷೇಪವು ಇದೊಂದೇ ತರಗತಿಗೆ ಸೇರಿದ್ದಲ್ಲ, ಊರಿನ ಬೇರೆ ತರಗತಿಗಳ ಫಲಕಗಳಲ್ಲಿಯೂ ‘ಮೂರು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್’ ಎಂಬ ಸಾಲನ್ನು ನಾನು ಓದಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಬೇಕು, ಅದು ಬಹಳವಿದೆ. ಇಲ್ಲಿನ ಮಾಸ್ಟರ್ ಚಿಕ್ಕ ಮಕ್ಕಳಿಗೆ ಕಲಿಸುವುದರಲ್ಲಿ ನಿಜವಾಗಿಯೂ ಪಳಗಿದವರು. ಇಪ್ಪತ್ತೈದು ಮಕ್ಕಳು ಚಪ್ಪಲಿಗಳನ್ನು ಹೊರಗೆ ಸಾಲಾಗಿ ಬಿಟ್ಟು, ಬಾಗಿ ನಮಸ್ಕರಿಸಿ, ಮಾತಿಲ್ಲದೆ ನಿಲ್ಲುವುದನ್ನು ನೋಡಿದರೆ ಇವೇ ಮಕ್ಕಳು ಹತ್ತು ನಿಮಿಷದ ಹಿಂದೆ ಮೆಟ್ಟಿಲ ಮೇಲೆ ಕಿತ್ತಾಡುತ್ತಿದ್ದವೆಂದು ನಂಬುವುದು ಕಷ್ಟ. ಸಿಮೆಂಟ್ ನೆಲಕ್ಕೆ ಮ್ಯಾಟ್ ಹಾಸಿರುತ್ತಾರೆ. ಶಾಲಾ ವಾರ್ಷಿಕೋತ್ಸವಗಳಲ್ಲಿ ನಾವು ನೋಡಿ ಚಪ್ಪಾಳೆ ತಟ್ಟುವ ಹೆಂಚು ಒಡೆಯುವ ಪ್ರದರ್ಶನವನ್ನು ಇಲ್ಲಿ ಮಕ್ಕಳಿಂದ ಮಾಡಿಸುವುದಿಲ್ಲ, ಮುಷ್ಟಿ ನೆಲಕ್ಕೂರಿ ದಂಡ ಹೊಡೆಸುವುದೂ ಇಲ್ಲ. ಎಳೆಯ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಅಲ್ಲಿಗೆ ಪೆಟ್ಟು ಬಿದ್ದರೆ ಮೂಳೆಯ ಬೆಳವಣಿಗೆಯೇ ಕುಂಠಿತವಾಗಬಹುದು ಎಂಬುದನ್ನು ಮಾಸ್ಟರ್ ಮೊದಲ ದಿನವೇ ಪೋಷಕರಿಗೆ ತಿಳಿಸಿದ್ದರು. ನನ್ನ ಮಗಳಿಗೆ ಇಲ್ಲಿ ಸಿಕ್ಕಿರುವ ನಿಲುವು, ಉಸಿರಿನ ಹಿಡಿತ ಮತ್ತು ಬೈಸಿಕೊಂಡರೂ ಅಳದೆ ಮತ್ತೊಮ್ಮೆ ಮಾಡಿ ತೋರಿಸುವ ಗುಣಕ್ಕೆ ನಾನು ಋಣಿ.

ಶುಲ್ಕ ತಿಂಗಳಿಗೆ 1,200 ರೂಪಾಯಿ. ಅದು ಹೆಚ್ಚೆಂದು ನನಗನಿಸಿಲ್ಲ. ಲೆಕ್ಕ ತಿರುಗುವುದು ಬೆಲ್ಟ್ ಪರೀಕ್ಷೆಗಳಲ್ಲಿ. ಬಿಳಿಯಿಂದ ಬ್ರೌನ್‌ನ ಕೊನೆಯ ಹಂತದವರೆಗೆ ಮೂರು ನಾಲ್ಕು ತಿಂಗಳಿಗೊಂದು ಪರೀಕ್ಷೆ, ಪ್ರತಿ ಪರೀಕ್ಷೆಗೂ ಬೇರೆ ಶುಲ್ಕ, ಕಟ್ಟಕಡೆಯ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮಾತ್ರ 12,000 ರೂಪಾಯಿ. ಈ ಏಣಿಯಲ್ಲಿ ಯಾವ ಮಗುವೂ ಒಂದು ಮೆಟ್ಟಿಲಲ್ಲಿಯೂ ನಿಂತದ್ದನ್ನು ನಾನು ಕಂಡಿಲ್ಲ. ಅರ್ಜಿ ಕೊಟ್ಟವರೆಲ್ಲರೂ ತೇರ್ಗಡೆಯಾಗಿದ್ದಾರೆ. ಆದ್ದರಿಂದ ಐದಾರು ವರ್ಷಕ್ಕೆ ಸೇರಿದ ಮಗು ಒಂಬತ್ತಕ್ಕೆ ಬ್ಲ್ಯಾಕ್ ಬೆಲ್ಟ್ ಆಗುವುದು ಪ್ರತಿಭೆಯ ಮಾತಲ್ಲ, ಕ್ಯಾಲೆಂಡರಿನ ಮಾತು. ವಾರಕ್ಕೆ ಮೂರು ಗಂಟೆಯೆಂದರೆ, ಶಾಲಾ ಪರೀಕ್ಷೆ, ಹಬ್ಬ, ಜ್ವರ ಎಲ್ಲವನ್ನೂ ಕಳೆದು ವರ್ಷಕ್ಕೆ ಹೆಚ್ಚೆಂದರೆ ನೂರಮೂವತ್ತು ಗಂಟೆಗಳಾದವು. ಅದರಲ್ಲಿಯೂ ಮೂರನೆಯ ಒಂದು ಭಾಗ, ಆ ವಯಸ್ಸಿಗೆ ತಕ್ಕಂತೆಯೇ, ಓಟ ಮತ್ತು ಆಟದಲ್ಲಿ ಹೋಗುತ್ತದೆ.

ಕಪ್ಪು ಪಟ್ಟಿ ಎಂಬುದು ಎಲ್ಲಿಂದ ಬಂತೆಂದು ನೋಡಿದರೆ ನನ್ನ ಅಳುಕಿನ ಕಾರಣ ಸ್ಪಷ್ಟವಾಗುತ್ತದೆ. ಕಪ್ಪು ಪಟ್ಟಿಯವರಿಗೆ ಕೊಡುವ ಡಾನ್ ಎಂಬ ದರ್ಜೆಯನ್ನು ಕಾದಾಟದ ಕಲೆಗೆ ತಂದವರು ಜೂಡೋ ಸ್ಥಾಪಕ ಜಿಗೊರೊ ಕಾನೊ. ಟೋಕಿಯೊದಲ್ಲಿ 1882ರಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆ ಆರಂಭಿಸಿದ ಅವರು ಮರುವರ್ಷ ತಮ್ಮ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಒಕಿನಾವಾ ದ್ವೀಪದಿಂದ ಕರಾಟೆಯನ್ನು 1922ರಲ್ಲಿ ಜಪಾನಿನ ಮುಖ್ಯ ಭೂಭಾಗಕ್ಕೆ ಒಯ್ದ ಗಿಚಿನ್ ಫುನಾಕೊಶಿ 1924ರಲ್ಲಿ ಇದೇ ಪದ್ಧತಿಯನ್ನು ಕರಾಟೆಗೂ ಅಳವಡಿಸಿದಾಗ ಅದನ್ನು ಪಡೆದವರು ಬೆಳೆದ ಗಂಡಸರು. ಹಾಗೆಂದು ಮಕ್ಕಳು ಕರಾಟೆ ಕಲಿಯುವುದು ಇತ್ತೀಚಿನ ಚಪಲವೂ ಅಲ್ಲ. ಹೊಡೆತ, ತಡೆಗಳನ್ನು ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಅಭ್ಯಾಸಕ್ಕೆ ಕಟಾ ಎನ್ನುತ್ತಾರೆ; ನನ್ನ ಮಗಳು ಕಲಿತ ಐದು ಹೆಯಾನ್ ಕಟಾಗಳ ಮೂಲವಾದ ಪಿನಾನ್ ಕಟಾಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕರಾಟೆ ಗುರು ಅಂಕೊ ಇತೊಸು ರೂಪಿಸಿದ್ದೇ ಒಕಿನಾವಾದ ಶಾಲಾ ವಿದ್ಯಾರ್ಥಿಗಳಿಗಾಗಿ. ಆ ವಿದ್ಯಾರ್ಥಿಗಳ ಸೊಂಟದಲ್ಲಿ ಬಣ್ಣದ ಪಟ್ಟಿಗಳಿರಲಿಲ್ಲ. ಮಗುವಿಗೆ ಕಟಾ ಕಲಿಸುವುದು ಹಳೆಯ ರೂಢಿ. ಅದಕ್ಕೆ ಕಪ್ಪು ಪಟ್ಟಿ ಕಟ್ಟುವುದು ಆಮೇಲೆ ಬಂದದ್ದು.

ಬೇರೆ ಕಲೆಗಳು ಈ ಪ್ರಶ್ನೆಯನ್ನು ಬಗೆಹರಿಸಿಕೊಂಡಿವೆ. ಕೊಡೊಕಾನ್ ಹದಿನಾಲ್ಕು ತುಂಬದವರಿಗೆ ಜೂಡೋದ ಮೊದಲ ಡಾನ್ ಕೊಡುವುದಿಲ್ಲ. ಬ್ರೆಜಿಲಿಯನ್ ಜುಜುತ್ಸುವಿನ ಅಂತರರಾಷ್ಟ್ರೀಯ ಫೆಡರೇಷನ್ ಇನ್ನೂ ಬಿಗಿ: ಮಕ್ಕಳಿಗೆ ಬೂದು, ಹಳದಿ, ಕಿತ್ತಳೆ, ಹಸಿರು ಎಂಬ ಬೇರೆಯದೇ ಸಾಲಿದೆ, ದೊಡ್ಡವರ ನೀಲಿ ಪಟ್ಟಿ ಹದಿನಾರಕ್ಕೆ ಆರಂಭವಾಗುತ್ತದೆ, ಕಪ್ಪು ಪಟ್ಟಿ ಹತ್ತೊಂಬತ್ತಕ್ಕಿಂತ ಮೊದಲು ಇಲ್ಲ. ನನಗೆ ಬಹಳ ಹಿಡಿಸಿದ್ದು ಕೊರಿಯಾದ ಸೋಲ್ ನಗರದಲ್ಲಿರುವ ಟೇಕ್ವಾಂಡೊ ಕೇಂದ್ರ ಸಂಸ್ಥೆ ಕುಕ್ಕಿವಾನ್ ಅನುಸರಿಸುವ ಕ್ರಮ. ಹದಿನೈದು ತುಂಬದ ಮಕ್ಕಳಿಗೆ ಅಲ್ಲಿ ಡಾನ್ ಬದಲು ಪೂಮ್ ಎಂಬ ದರ್ಜೆ, ಸೊಂಟಕ್ಕೆ ಅರ್ಧ ಕೆಂಪು ಅರ್ಧ ಕಪ್ಪು ಬಣ್ಣದ ಪಟ್ಟಿ. ವಯಸ್ಸು ಬಂದ ಮೇಲೆ ಪೂಮ್ ಡಾನ್ ಆಗಿ ಬದಲಾಗುತ್ತದೆ. ಮಗುವಿನ ದುಡಿಮೆಗೆ ಗೌರವ ಸಲ್ಲುತ್ತದೆ, ಮುಂದೆ ಏರಲು ಒಂದು ಮೆಟ್ಟಿಲೂ ಉಳಿಯುತ್ತದೆ. ನಮ್ಮ ತರಗತಿ ಕೊಡುವ ಪ್ರಮಾಣಪತ್ರದಲ್ಲಿ ಒಂಬತ್ತರ ಮಗುವಿಗೂ ಇಪ್ಪತ್ತೊಂಬತ್ತರ ಯುವಕನಿಗೂ ಒಂದೇ ಒಕ್ಕಣೆ.

ಕಳೆದ ವರ್ಷದ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯನ್ನು ನಾನು ಇಡಿಯಾಗಿ ಕುಳಿತು ನೋಡಿದೆ. ಒಂಬತ್ತು ವರ್ಷದ ಒಬ್ಬ ಹುಡುಗ ಬಸ್ಸಾಯ್ ದಾಯ್ ಕಟಾವನ್ನು ಒಂದು ಹೆಜ್ಜೆಯೂ ತಪ್ಪದೆ ಮಾಡಿದ. ಆ ನೆನಪಿನ ಶಕ್ತಿಗೆ ಸಭೆಯಲ್ಲಿದ್ದವರೆಲ್ಲ ತಲೆದೂಗಿದರು. ಆದರೆ ಆ ಕಟಾದ ಒಂದೊಂದು ತಡೆಯೂ ಯಾರೋ ನಿಜವಾಗಿ ಹೊಡೆಯಲು ಬರುತ್ತಿದ್ದಾರೆಂಬ ಎಣಿಕೆಯ ಮೇಲೆ ನಿಂತಿದೆ, ಆ ಎಣಿಕೆ ಅವನ ಕಣ್ಣಿನಲ್ಲಿ ಇರಲಿಲ್ಲ, ಇರಬೇಕೆಂದು ಆ ವಯಸ್ಸಿನಲ್ಲಿ ನಿರೀಕ್ಷಿಸುವುದೂ ನ್ಯಾಯವಲ್ಲ. ಇಬ್ಬರು ಎದುರುಬದುರು ಕಾದಾಡುವ ಕುಮಿಟೆಯಲ್ಲಿ ಹನ್ನೆರಡರ ಹುಡುಗಿಯ ಕೈ ಎದೆಗೆ ತಾಗಿದೊಡನೆ ಅವನ ತುಟಿ ನಡುಗಿತು, ಆಕೆಯೇ ಹಿಂದೆ ಸರಿದು ನಿಂತಳು. ಕೊನೆಗೆ ಹೊಸ ಕಪ್ಪು ಪಟ್ಟಿಯನ್ನು ಕೈಗೆ ಕೊಟ್ಟಾಗ ಬಿರುಸಾದ ಬಟ್ಟೆಯಲ್ಲಿ ಗಂಟು ಹಾಕಲು ಅವನಿಂದ ಆಗಲಿಲ್ಲ. ಅವನ ತಾಯಿ ಮೊಣಕಾಲೂರಿ ಕಟ್ಟಿದರು, ಪಟ್ಟಿಯ ಎರಡು ತುದಿಗಳು ಅವನ ಮೊಣಕಾಲಿಗಿಂತ ಕೆಳಗೆ ಇಳಿದಿದ್ದವು.

ನನ್ನ ಮನೆಯಲ್ಲಿಯೇ ನಡೆದದ್ದೊಂದು ಇದಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿತು. ದೀಪಾವಳಿಗೆ ಬಂದಿದ್ದ ನನ್ನ ತಮ್ಮ ಆಟಕ್ಕೆಂದು ಮಗಳ ಮಣಿಕಟ್ಟನ್ನು ಹಿಡಿದು ‘ಬಿಡಿಸಿಕೋ ನೋಡೋಣ’ ಎಂದ. ಅವಳು ಕಲಿತಂತೆಯೇ ಕೈ ತಿರುಗಿಸಿದಳು, ಹೆಬ್ಬೆರಳಿನ ಕಡೆಗೆ ಎಳೆದಳು, ಆಗಲಿಲ್ಲ. ಎರಡನೆಯ ಸಲ ಎಳೆದು ಸೋತ ಮೇಲೆ ಅವನ ಮುಖ ನೋಡಿ, ‘ಮಾಮ, ನೀನು ತಪ್ಪಾಗಿ ಹಿಡಿದಿದ್ದೀಯ, ಕ್ಲಾಸಿನಲ್ಲಿ ಹೀಗೆ ಹಿಡಿಯಲ್ಲ’ ಎಂದಳು. ಎಪ್ಪತ್ತು ಕಿಲೋ ತೂಕದ ಮನುಷ್ಯನಿಂದ ಇಪ್ಪತ್ತಾರು ಕಿಲೋದ ಮಗು ಬಿಡಿಸಿಕೊಳ್ಳಲಾಗದಿರುವುದು ಅವಳ ಕೊರತೆಯಲ್ಲ. ಆದರೆ ಕಪ್ಪು ಪಟ್ಟಿ ಕಟ್ಟಿಕೊಂಡ ಮಗು ತಾನು ಬಿಡಿಸಿಕೊಳ್ಳಬಲ್ಲೆನೆಂದು ನಂಬಿ, ಓಡಬೇಕಾದ ಜಾಗದಲ್ಲಿ ನಿಂತುಬಿಟ್ಟರೆ ಗತಿಯೇನು? ಕೂಗು, ಓಡು, ದೊಡ್ಡವರನ್ನು ಕರೆ ಎಂಬ ಪಾಠ ಈ ತರಗತಿಯಲ್ಲಿ ಇದೆ, ಆದರೆ ವರ್ಷಕ್ಕೊಮ್ಮೆ ಮಾತ್ರ ಇದೆ. ಅದು ತಿಂಗಳಿಗೊಮ್ಮೆ ಆಗಬೇಕು.

ಇದನ್ನೆಲ್ಲ ಮಾಸ್ಟರ್ ಬಳಿ ಹೇಳಿದಾಗ ಅವರು ಸಿಟ್ಟಾಗಲಿಲ್ಲ. ಮೊದಲ ಡಾನ್‌ಗೆ ಹೇಳುವ ಶೋದಾನ್ ಎಂಬ ಪದದ ಅರ್ಥವೇ ಆರಂಭದ ದರ್ಜೆ, ಬ್ಲ್ಯಾಕ್ ಬೆಲ್ಟ್ ಎಂದರೆ ಅಕ್ಷರಾಭ್ಯಾಸ ಮುಗಿಯಿತು ಎಂದಷ್ಟೇ, ಪಾಂಡಿತ್ಯ ಬಂತೆಂದಲ್ಲ ಎಂದರು. ಮಾತು ಸರಿಯಾದದ್ದು. ಆದರೆ ನಮ್ಮ ಊರಿನಲ್ಲಿ ಆ ಪಟ್ಟಿಯನ್ನು ನೋಡುವವರು ಹಾಗೆ ಓದುವುದಿಲ್ಲ. ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಮಗುವನ್ನು ವೇದಿಕೆಗೆ ಕರೆದು ಹಾರ ಹಾಕುತ್ತಾರೆ, ಬಂಧುಗಳು ಫೋಟೊ ಹಂಚಿಕೊಳ್ಳುತ್ತಾರೆ, ಮಗು ತಾನು ಗುರಿ ಮುಟ್ಟಿದೆನೆಂದು ತಿಳಿಯುತ್ತದೆ. ಆಮೇಲೆ ಮಾಸ್ಟರ್ ದನಿ ತಗ್ಗಿಸಿ, ‘ಮೇಡಂ, ನಾನು ತಡೆದರೆ ಮಕ್ಕಳನ್ನು ಇನ್ನೊಂದು ಕ್ಲಾಸಿಗೆ ಸೇರಿಸುತ್ತಾರೆ, ಬಾಡಿಗೆ ಕಟ್ಟಬೇಕಲ್ಲ’ ಎಂದರು. ಆ ಮಾತಿನಲ್ಲಿ ಪೋಷಕರಾದ ನಮ್ಮ ಪಾಲೂ ಇದೆ. ಭರತನಾಟ್ಯದ ರಂಗಪ್ರವೇಶವನ್ನು ಹತ್ತು ವರ್ಷಕ್ಕೇ ಮಾಡಿಸಿ ಎಂದು ಗುರುಗಳ ಬೆನ್ನು ಬೀಳುವವರೂ ನಾವೇ.

ಎರಡು ವರ್ಷದ ಹಿಂದೆ ಈ ತರಗತಿಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದ ಒಂಬತ್ತು ಮಕ್ಕಳಲ್ಲಿ ಈಗ ಬರುತ್ತಿರುವುದು ಒಬ್ಬಳು. ಅದೇ ಆ ಹನ್ನೆರಡರ ಹುಡುಗಿ. ಉಳಿದವರು ಬೆಲ್ಟ್ ಬಂತಲ್ಲ, ಇನ್ನೇನು ಎಂದು ಬಿಟ್ಟರು. ಸರಿಯಾಗಿ ಮೈಬಲ ಕೂಡಿ, ತಡೆಯ ಹಿಂದಿನ ಅರ್ಥ ತಿಳಿಯುವ ವಯಸ್ಸು ಹತ್ತಿರವಾಗುವಾಗಲೇ ಅವರು ಮ್ಯಾಟ್ ಬಿಟ್ಟು ಹೋದರು ಎಂಬುದು ನನಗೆ ಬಹಳ ನೋವಿನ ಸಂಗತಿ. ಒಂದು ಸಂಖ್ಯೆ ಹೇಳಲೇಬೇಕೆಂದರೆ, ನನ್ನ ಮಟ್ಟಿಗೆ ಹದಿನಾಲ್ಕಕ್ಕಿಂತ ಮೊದಲು ಪೂರ್ಣ ಕಪ್ಪು ಪಟ್ಟಿ ಬೇಡ. ಅಲ್ಲಿಯವರೆಗೆ ಮಕ್ಕಳ ದರ್ಜೆಯೊಂದು ಇರಲಿ, ಅದರ ಪಟ್ಟಿ ನೋಡಿದೊಡನೆ ಬೇರೆಯೆಂದು ತಿಳಿಯುವಂತಿರಲಿ, ಹದಿನಾಲ್ಕರ ಮೇಲೆ ಮತ್ತೊಮ್ಮೆ ಪರೀಕ್ಷೆ ಆಗಲಿ.

ಐದರಿಂದ ಹತ್ತರ ನಡುವಿನ ಮಗುವಿಗೆ ಮೈ ಬಳಸುವುದನ್ನು ಕಲಿಸಬೇಕೆಂದರೆ ಈ ತರಗತಿಗೆ ಧೈರ್ಯವಾಗಿ ಕಳುಹಿಸಬಹುದು ಎಂದು ನೆರೆಹೊರೆಯವರಿಗೆ ಹೇಳುತ್ತಿದ್ದೇನೆ. ಸೇರಿಸುವ ದಿನವೇ ಹದಿನೈದು ದಾಟಿದ ಎಷ್ಟು ವಿದ್ಯಾರ್ಥಿಗಳು ಇನ್ನೂ ಬರುತ್ತಿದ್ದಾರೆಂದು ಕೇಳಿ, ಬೆಲ್ಟ್ ಪರೀಕ್ಷೆ ಕಡ್ಡಾಯವೇ ಎಂದೂ ಕೇಳಿ. ಕಡ್ಡಾಯವಲ್ಲವೆಂಬ ಉತ್ತರ ನಮಗೆ ಸಿಕ್ಕಿತು, ಮಾಸ್ಟರ್ ಆ ಮಾತನ್ನು ಉಳಿಸಿಕೊಂಡಿದ್ದಾರೆ. ಮಗಳು ಮೂರು ದಿನ ಮುನಿಸಿಕೊಂಡಿದ್ದಳು, ನಾಲ್ಕನೆಯ ದಿನ ಅದೇ ಬ್ರೌನ್ ಬೆಲ್ಟ್ ಕಟ್ಟಿಕೊಂಡು ಹೊರಟಳು. ಈ ತಿಂಗಳು ಅವಳಿಗೆ ಹೆಯಾನ್ ಕಟಾಗಳಲ್ಲಿ ಮೊದಲನೆಯದಾದ ಹೆಯಾನ್ ಶೋದಾನ್‌ನ ಮೊಟ್ಟಮೊದಲ ಚಲನೆಯನ್ನೇ ಹೊಸದಾಗಿ ತಿದ್ದುತ್ತಿದ್ದಾರೆ: ಎಡಕ್ಕೆ ತಿರುಗಿ ಕೆಳಗಿನ ತಡೆ, ಹಿಂಗಾಲಿನ ಹಿಮ್ಮಡಿ ನೆಲ ಬಿಡದಂತೆ.