ಉಬುದ್‌ನ ಯೋಗ ಶಿಬಿರವೋ, ಕೈಲಾಸದ ಪರಿಕ್ರಮೆಯೋ?

ಎರಡೂ ವಿದೇಶ ಪ್ರಯಾಣವೇ, ಎರಡೂ ಮನಸ್ಸನ್ನು ಹಗುರ ಮಾಡುತ್ತವೆ. ಆದರೆ ದೇಹಕ್ಕೆ ಬೀಳುವ ಕೆಲಸ ಮಾತ್ರ ತೀರಾ ಬೇರೆ.

ಬಾಲಿಯ ಉಬುದ್ ಸುಲಭ. ಒಬ್ಬರೇ ಹೋಗಬಹುದು. ಬೆಳಿಗ್ಗೆ ಆಸನ, ಸಂಜೆ ಧ್ಯಾನ, ನಡುವೆ ಬೇಕಾದಷ್ಟು ಬಿಡುವು. ಆ ಬಿಡುವಲ್ಲಿ ತೀರ್ಥ ಎಂಪುಲ್ ದೇವಸ್ಥಾನಕ್ಕೆ ಖಂಡಿತ ಹೋಗಿ. ಸೊಂಟಕ್ಕೆ ಸರೊಂಗ್ ಸುತ್ತಿಕೊಂಡು ಕೊಳಕ್ಕಿಳಿದು, ಸಾಲಾಗಿ ಸುರಿಯುವ ಕಲ್ಲಿನ ಬಾಯಿಗಳಿಗೆ ತಲೆಯೊಡ್ಡುತ್ತಾ ಸಾಗಬೇಕು. ಮಾರ್ಚ್ ಹೊತ್ತಿಗೆ ಹೋಗುವವರು ನ್ಯೆಪಿ, ಅಂದರೆ ಬಾಲಿಯ ಮೌನದ ಹಬ್ಬ, ಯಾವತ್ತು ಅಂತ ನೋಡಿಕೊಳ್ಳಿ. ಅವತ್ತು ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ.

ಕೈಲಾಸದ್ದು ಬೇರೆಯೇ ಲೆಕ್ಕ. ಟಿಬೆಟ್ ಪ್ರವೇಶಕ್ಕೆ ಪರವಾನಗಿ ಬೇಕು, ಸುಮ್ನೆ ಒಬ್ಬರೇ ಹೊರಡುವಂತಿಲ್ಲ. ಪರಿಕ್ರಮೆ ಸುಮಾರು 52 ಕಿ.ಮೀ., ಸಾಮಾನ್ಯವಾಗಿ ಮೂರು ದಿನದ ನಡಿಗೆ. ಎರಡನೇ ದಿನ ಸಿಗುವ ಡೋಲ್ಮಾ ಲಾ ಎಂಬ ಬೆಟ್ಟದ ಕಣಿವೆದಾರಿ 5,600 ಮೀಟರ್‌ಗಿಂತ ಎತ್ತರ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ನಾಲ್ಕು ಹೆಜ್ಜೆ ಇಟ್ಟು ನಿಲ್ಲಬೇಕು, ಮತ್ತೆ ನಾಲ್ಕು ಹೆಜ್ಜೆ. ತಲೆನೋವು, ವಾಂತಿ ಜಾಸ್ತಿಯಾದರೆ ಕೆಳಗಿಳಿಯುವುದೊಂದೇ ದಾರಿ. ದರ್ಶನ ತಪ್ಪೀತು ಅಂತ ಇದನ್ನು ಮುಚ್ಚಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ದಣಿದ ಮನಸ್ಸಿಗೆ ವಿಶ್ರಾಂತಿ ಬೇಕಿದ್ದರೆ, ಹೃದಯದ ಅಥವಾ ಶ್ವಾಸದ ತೊಂದರೆ ಇದ್ದರೆ ಉಬುದ್ ಸಾಕು. ಶಿವನ ನೆಲವನ್ನೇ ಮುಟ್ಟಬೇಕು ಅನ್ನುವ ಹಂಬಲ ಇದ್ದರೆ ಅದಕ್ಕೆ ಬಾಲಿ ಬದಲಿಯಲ್ಲ. ನಿವೃತ್ತಿಯಾಗಲಿ ಅಂತ ಕಾಯದೆ, ಕಾಲಲ್ಲಿ ಶಕ್ತಿ ಇರುವಾಗಲೇ ಕೈಲಾಸಕ್ಕೆ ಹೊರಡಿ. ಹೊರಡುವ ಮೊದಲು ವೈದ್ಯರನ್ನು ಕಾಣಿ, ಕೆಲವು ತಿಂಗಳು ದಿನಾ ಏರುದಾರಿ ನಡೆದು ಅಭ್ಯಾಸ ಮಾಡಿಕೊಳ್ಳಿ.