ಎರೆಹುಳುವಿನ ಹಿಕ್ಕೆಗೆ ಚಹಾ ಬೀಜದ ಹಿಂಡಿ: 20 ಕಿಲೋ ಚೀಲದ ಕಥೆ

ಬೆಳಗಾವಿ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸುಲಭಕ್ಕೆ ಬಿಡೋದಲ್ಲ. ನಾನು ಇಲ್ಲಿ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವವನು. ಮಳೆಗಾಲದಲ್ಲಿ ಬೆಳಿಗ್ಗೆ ಗ್ರೀನ್ (ಚೆಂಡು ಹಾಕುವ ಕುಳಿಯ ಸುತ್ತ ಗಿಡ್ಡಗೆ ಕತ್ತರಿಸಿದ ಹುಲ್ಲಿನ ಜಾಗ) ಮೇಲೆ ಹೋದರೆ ಎಲ್ಲಿ ನೋಡಿದರೂ ಎರೆಹುಳುವಿನ ಹಿಕ್ಕೆ. ತುಳಿದರೆ ರಾಡಿ. ಮೊವರ್ ಓಡಿಸಿದರೆ ಹುಲ್ಲಿಗೆ ಮೆತ್ತಿಕೊಳ್ಳುತ್ತದೆ, ಬ್ಲೇಡೂ ಮೊಂಡಾಗುತ್ತದೆ. ಚೆಂಡು ಅದಕ್ಕೆ ತಾಗಿ ದಾರಿ ತಪ್ಪಿದಾಗ ಆಡುವವರು ನನ್ನನ್ನೇ ಕರೆಯುತ್ತಾರೆ: "ಇದೇನ್ರೀ, ಗ್ರೀನ್ ಐತೋ, ಶೇಂಗಾ ಹೊಲ ಐತೋ?"

ಅದಕ್ಕೇ ಈ ಚಹಾ ಬೀಜದ ಹಿಂಡಿ ಪುಡಿ ತರಿಸಿದೆ. ಆನ್‌ಲೈನ್‌ನಲ್ಲಿ 20 ಕಿಲೋ, ಸಾಗಾಣಿಕೆ ಸೇರಿ 2,400 ರೂಪಾಯಿ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಇದು. ಮೀನು, ಸಿಗಡಿ ಸಾಕುವವರು ಕೆರೆಯಲ್ಲಿನ ಬೇಡದ ಮೀನು ಕೊಲ್ಲಲು ಬಳಸುತ್ತಾರೆ. ಮಾರುವವರ ಜಾಹೀರಾತಿನಲ್ಲಿ ಮಾತ್ರ "ಮಣ್ಣಿನ ಯಾವ ಜೀವಿಗೂ ತೊಂದರೆ ಇಲ್ಲ" ಅಂತ ಇತ್ತು! ಫೋನ್ ಮಾಡಿ ಎಷ್ಟು ಹಾಕಬೇಕು ಎಂದು ಕೇಳಿದರೆ, "ಅಂದಾಜಿಗೆ ಹಾಕಿ ಸರ್" ಎಂದರು.

ಜುಲೈನಲ್ಲಿ ಎರಡು ದಿನ ಮಳೆ ಹೊಳವಾಗಿತ್ತು. ಅಭ್ಯಾಸದ ಗ್ರೀನ್‌ನಲ್ಲಿ 200 ಚದರ ಮೀಟರಿಗೆ 6 ಕಿಲೋ ಎರಚಿ, ಪೈಪ್ ಹಿಡಿದು ಚೆನ್ನಾಗಿ ನೀರು ಬಿಟ್ಟೆವು. ಸಾಬೂನಿನಂತೆ ನೊರೆ ಬಂತು. ಅದರಲ್ಲಿರುವ ಸಪೋನಿನ್ ಎಂಬ ನೊರೆ ಬರಿಸುವ ಅಂಶ ಮಾಡುವ ಕೆಲಸ ಅದು. ಹುಳುವಿನ ಚರ್ಮಕ್ಕೆ ಉರಿ ಹತ್ತುತ್ತದೆ, ಮೇಲೆ ಬರುತ್ತದೆ. ಅರ್ಧ ಗಂಟೆಯಲ್ಲಿ ಗ್ರೀನ್ ತುಂಬಾ ಹುಳು. ಗೊರವಂಕ, ಬೆಳ್ಳಕ್ಕಿಗಳಿಗೆ ಹಬ್ಬ. ಅವು ತಿಂದು ಬಿಟ್ಟದ್ದನ್ನು ಎರಡು ಬುಟ್ಟಿ ಗುಡಿಸಿದೆವು. ಮಧ್ಯಾಹ್ನದ ಹೊತ್ತಿಗೆ ಆ ವಾಸನೆ, ಅಬ್ಬಾ, ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ.

ಕೆಲಸ ಮಾಡಿತಾ? ಮಾಡಿತು. ನಾಲ್ಕು ವಾರ ಆ ಗ್ರೀನ್‌ನಲ್ಲಿ ಹಿಕ್ಕೆ ಹುಡುಕಬೇಕಿತ್ತು. ಐದನೇ ವಾರ ಅಂಚಿನಿಂದ ಮತ್ತೆ ಶುರು.

ನನ್ನ ತಕರಾರು ಬೇರೆ. ಹಿಕ್ಕೆ ಜಾಸ್ತಿ ಬರೋದು ಮಳೆಯಲ್ಲೇ, ಈ ಪುಡಿ ಹರಿದುಹೋಗೋದೂ ಮಳೆಯಲ್ಲೇ. ಕೆಳಗೆ ಹೊಂಡ ಇದೆ, ಮೀನಿದೆ. ಇದು ಮೀನಿಗೆ ವಿಷ. ಮೋಡ ನೋಡಿಕೊಂಡು ಕೂರಬೇಕು. ಇಲ್ಲಿ ಮೋಡ ನಂಬಿ ಕೆಟ್ಟವರೇ ಜಾಸ್ತಿ.

ಉಳಿದ ಗ್ರೀನ್‌ಗಳಲ್ಲಿ ನಮ್ಮ ಹಿರಿಯ ಮಾಲಿ ಕಾಕಾ ಅವರ ಹಳೇ ಪದ್ಧತಿಯೇ. ಉದ್ದನೆಯ ತೆಳ್ಳಗಿನ ಬಿದಿರಿನ ಕೋಲು. ಹಿಕ್ಕೆ ಸ್ವಲ್ಪ ಒಣಗಿದ ಮೇಲೆ ಅದನ್ನು ಹುಲ್ಲಿನ ಮೇಲೆ ಅತ್ತಿತ್ತ ಬೀಸಿದರೆ ಪುಡಿಯಾಗಿ ಚದುರುತ್ತದೆ. "ಹಸೀದಾಗ ಮುಟ್ಟಬ್ಯಾಡೋ ತಮ್ಮಾ, ಸಾರಿಸಿದಂಗ ಆಗ್ತದ" ಎಂದು ಮೊದಲ ದಿನವೇ ಬೈದಿದ್ದರು. ಜೊತೆಗೆ ಕತ್ತರಿಸಿದ ಹುಲ್ಲು ಅಲ್ಲೇ ಬಿಡುವುದಿಲ್ಲ, ಅದು ಹುಳುವಿಗೆ ಊಟ. ಯೂರಿಯಾ ಬದಲು ಅಮೋನಿಯಂ ಸಲ್ಫೇಟ್. ಅದು ಮಣ್ಣನ್ನು ನಿಧಾನಕ್ಕೆ ಹುಳಿ ಮಾಡುತ್ತದೆ, ಹುಳುವಿಗೆ ಹಿಡಿಸುವುದಿಲ್ಲ. ಮೇಲೆ ಆಗಾಗ ತೆಳ್ಳಗೆ ಮರಳು. ಹಿಕ್ಕೆ ಪೂರ್ತಿ ನಿಲ್ಲುವುದಿಲ್ಲ, ಆದರೆ ಆಟ ನಿಲ್ಲುವುದಿಲ್ಲ. (ರೈತರು ಕಾಸು ಕೊಟ್ಟು ಕೊಳ್ಳುವ ಗೊಬ್ಬರವನ್ನು ನಾವು ಕೋಲಿನಿಂದ ಬಡಿಯುತ್ತಿದ್ದೇವೆ, ಅದು ಬೇರೆ ಮಾತು.)

ಪುಡಿಗೆ ಐದರಲ್ಲಿ ಮೂರು ಅಂಕ, ಮಾರಿದವರಿಗೆ ಒಂದು. ಒಂದೆರಡು ಗ್ರೀನ್‌ಗೆ, ಹತ್ತಿರ ನೀರಿಲ್ಲದಿದ್ದರೆ ಸರಿ. ಇಡೀ ಮೈದಾನಕ್ಕೆ ಬೇಡ. ಉಳಿದ 14 ಕಿಲೋ ಶೆಡ್ಡಿನಲ್ಲಿದೆ. ಚೀಲ ಖಾಲಿಯಾದರೆ ಹುಲ್ಲು ತುಂಬಲು ತಮಗೆ ಬೇಕು ಎಂದು ಕಾಕಾ ಆಗಲೇ ಹೇಳಿಟ್ಟಿದ್ದಾರೆ.