ಹೆಚ್ಚು ಹೊತ್ತು ನಡೆಯುವುದೋ, ಬಿರುಸಾಗಿ ನಡೆಯುವುದೋ, ಊಟ ಅಳೆಯುವುದೋ: ಪ್ರಯತ್ನಿಸಿ ನೋಡಿದ ಹೋಲಿಕೆ

ದಿನವೂ ತಪ್ಪದೆ ನಡೆದರೂ ತೂಕ ಜಗ್ಗದಿದ್ದಾಗ ಆಗುವ ಬೇಸರ ಸಣ್ಣದಲ್ಲ. ಆ ಬೇಸರದಲ್ಲಿ ನಡಿಗೆಯನ್ನೇ ಬಿಟ್ಟುಬಿಡುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಜನ ಸೂಚಿಸುವ ಐದು ದಾರಿಗಳನ್ನೂ ಒಂದಾದ ಮೇಲೊಂದರಂತೆ, ಫಲ ಕಾಣುವಷ್ಟು ಕಾಲ ಪಾಲಿಸಿ ನೋಡಿದ್ದೇನೆ.

ಮೊದಲು ಲೆಕ್ಕ ನೋಡಿಬಿಡೋಣ. 70 ಕಿಲೋ ತೂಕದವರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಸುಮಾರು 240 ಕ್ಯಾಲೊರಿ ಖರ್ಚಾಗುತ್ತದೆ. ಅದರಲ್ಲಿ 70 ಕ್ಯಾಲೊರಿ ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿತ್ತು. ನಡಿಗೆಯಿಂದಲೇ ಸಿಕ್ಕ ಲಾಭ 170ರ ಆಸುಪಾಸು. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ಎಂದರೆ ದಿನಕ್ಕೆ ಅರ್ಧ ಗಂಟೆ ನಡೆಯುವವರಿಗೆ, ಊಟ ಒಂದಿಷ್ಟೂ ಹೆಚ್ಚದಿದ್ದರೆ, ಒಂದು ಕಿಲೋ ಇಳಿಯಲು ಮೂರು ತಿಂಗಳು ಬೇಕು. ನಡೆಯುವವರ ಶ್ರದ್ಧೆಯಲ್ಲಿ ಯಾವ ಕೊರತೆಯೂ ಇಲ್ಲ, ಅಂಕಿಗಳೇ ಅಷ್ಟು ನಿಧಾನವಾಗಿವೆ.

ನಡೆಯುವ ಹೊತ್ತು ಹೆಚ್ಚಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅರ್ಧ ಗಂಟೆಯ ನಡಿಗೆಯನ್ನು ಒಂದು ಗಂಟೆ ದಾಟಿಸಿದೆ, ಹೆಜ್ಜೆಗಳನ್ನು 10,000ಕ್ಕೆ ಮುಟ್ಟಿಸಿದೆ. (ಈ 10,000 ಎಂಬ ಗುರಿ ಯಾವ ವೈದ್ಯಕೀಯ ಸಂಶೋಧನೆಯಿಂದಲೂ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಬಳಕೆಗೆ ಬಂದದ್ದು.) ಮೊದಲ ವಾರಗಳಲ್ಲಿ ತೂಕ ಸ್ವಲ್ಪ ಇಳಿದು ಅಲ್ಲಿಗೇ ನಿಂತಿತು. ಸಂಜೆಯ ಹಸಿವು ಹೆಚ್ಚಾಯಿತು, ಉಳಿದ ಹೊತ್ತು ಕುಳಿತಲ್ಲಿಂದ ಏಳಲು ಮನಸ್ಸಾಗುತ್ತಿರಲಿಲ್ಲ. ದೇಹ ಹೀಗೆ ಒಂದು ಕಡೆಯ ಖರ್ಚನ್ನು ಇನ್ನೊಂದು ಕಡೆ ಉಳಿಸಿಕೊಳ್ಳುತ್ತದೆ ಎಂಬುದನ್ನು ಹರ್ಮನ್ ಪಾಂಟ್ಜರ್ ಮೊದಲಾದ ವಿಜ್ಞಾನಿಗಳು ವಿವರವಾಗಿ ಚರ್ಚಿಸಿದ್ದಾರೆ. ಮನಸ್ಸಿನ ನೆಮ್ಮದಿಗೆ, ನಿದ್ದೆಗೆ ದೀರ್ಘ ನಡಿಗೆ ಬಹಳ ಒಳ್ಳೆಯದು. ತೂಕ ಇಳಿಸುವುದಕ್ಕೆಂದೇ ಆದರೆ ಕೊಟ್ಟ ಸಮಯಕ್ಕೆ ತಕ್ಕ ಪ್ರತಿಫಲವಿಲ್ಲ.

ನಡಿಗೆಯ ಬಗೆಗಳಲ್ಲಿ ನನ್ನ ಪೂರ್ಣ ಮತ ವೇಗ ಬದಲಿಸುತ್ತಾ ನಡೆಯುವ ಕ್ರಮಕ್ಕೆ. ಮೂರು ನಿಮಿಷ ಬಿರುಸಾಗಿ, ಮೂರು ನಿಮಿಷ ಆರಾಮವಾಗಿ, ಹೀಗೆ ಐದು ಸುತ್ತು. ಒಟ್ಟು ಅರ್ಧ ಗಂಟೆ. ಜಪಾನಿನ ಶಿನ್ಶು ವಿಶ್ವವಿದ್ಯಾಲಯದ ಸಂಶೋಧಕರು ಮಧ್ಯವಯಸ್ಕರು ಮತ್ತು ಹಿರಿಯರಿಗೆಂದು ರೂಪಿಸಿದ ಕ್ರಮವಿದು. ಬಿರುಸಿನ ಮೂರು ನಿಮಿಷದಲ್ಲಿ ಮೊದಲ ನಿಮಿಷ ಸಲೀಸು. ಎರಡನೆಯದರಲ್ಲಿ ಮಾತು ತುಂಡು ತುಂಡಾಗುತ್ತದೆ. ಮೂರನೆಯದರ ಕೊನೆಗೆ ಕಣಕಾಲಿನ ಮುಂಭಾಗ ಬಿಗಿದು, ಬೆನ್ನಿನಲ್ಲಿ ಬೆವರು ಇಳಿಯುವುದು ಗೊತ್ತಾಗುತ್ತದೆ. ಆರಾಮದ ಮೂರು ನಿಮಿಷ ಮುಗಿಯುವಷ್ಟರಲ್ಲಿ ಉಸಿರು ಹದಕ್ಕೆ ಬಂದಿರುತ್ತದೆ. ಮಾತನಾಡುತ್ತಾ ನಡೆಯುವ ಒಂದು ಗಂಟೆಯಲ್ಲಿ ದೇಹಕ್ಕೆ ಇಂಥ ಒತ್ತಡ ಒಮ್ಮೆಯೂ ಸಿಗುವುದಿಲ್ಲ.

2013ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ಎರಡನೇ ಬಗೆಯ ಮಧುಮೇಹಿಗಳು ನಾಲ್ಕು ತಿಂಗಳು ನಡೆದರು. ಒಂದೇ ವೇಗದಲ್ಲಿ ನಡೆದವರ ತೂಕ ಇಳಿಯಲಿಲ್ಲ, ವೇಗ ಬದಲಿಸುತ್ತಾ ನಡೆದವರ ತೂಕವೂ ಕೊಬ್ಬೂ ಇಳಿದವು. ನನ್ನ ಅನುಭವವೂ ಇದೇ ದಿಕ್ಕಿನದು. ತೂಕದ ಅಂಕಿಗಿಂತ ಮೊದಲು ಸೊಂಟದ ಸುತ್ತಳತೆ ಇಳಿಯಿತು, ಬೆಲ್ಟು ಒಂದು ತೂತು ಒಳಕ್ಕೆ ಸರಿಯಿತು. ಮೆಟ್ಟಿಲು ಹತ್ತುವಾಗಿನ ಏದುಸಿರು ಹೋಯಿತು.

ಏರಿನ ದಾರಿ, ಮೆಟ್ಟಿಲುಗಳ ಬಗ್ಗೆ ಎರಡು ಮಾತು ಸಾಕು. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ ಅದೇ ವೇಗಕ್ಕೆ ಶಕ್ತಿಯ ಖರ್ಚು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಹಾಗಾಗಿ ಸಮಯ ಕಡಿಮೆಯಿದ್ದವರಿಗೆ ಇದು ಒಳ್ಳೆಯದು. ಆದರೆ ಇಳಿಯುವಾಗ ಮಂಡಿಯ ಮೇಲೆ ಬೀಳುವ ಭಾರ ನನಗೆ ಒಗ್ಗಲಿಲ್ಲ. ಮಂಡಿ ಗಟ್ಟಿಯಿರುವವರು ಖಂಡಿತ ನೋಡಬಹುದು.

ನಡಿಗೆಯ ಕೆಲವು ದಿನಗಳನ್ನು ಬಸ್ಕಿ, ಗೋಡೆಗೆ ಕೈಯೂರಿ ಮಾಡುವ ದಂಡ, ಡಂಬೆಲ್ ಎತ್ತುವುದಕ್ಕೆ ಬಿಟ್ಟುಕೊಟ್ಟಾಗ ಆರಂಭದಲ್ಲಿ ತೂಕ ತುಸು ಏರಿತು. ಹೊಸದಾಗಿ ದುಡಿದ ಸ್ನಾಯುಗಳು ನೀರು ಹಿಡಿದಿಟ್ಟುಕೊಳ್ಳುವುದರಿಂದ ಹೀಗಾಗುತ್ತದೆ, ಗಾಬರಿ ಬೇಡ. ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ತಡೆಯುವುದು ಇಂಥ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯ ಜೊತೆಗೆ, ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಇರಲಿ ಎನ್ನುತ್ತದೆ. ನಡೆಯುವವರಲ್ಲಿ ಬಹುಪಾಲು ಜನರ ಕಿವಿಗೆ ಈ ಎರಡನೇ ಭಾಗ ಬಿದ್ದೇ ಇರುವುದಿಲ್ಲ.

ಇಷ್ಟಾದರೂ ತೂಕದ ಅಂಕಿಯನ್ನು ನಿಜವಾಗಿ ಕದಲಿಸಿದ್ದು ಊಟದ ಅಳತೆ. ಅಡುಗೆಮನೆಯಲ್ಲಿ ಒಂದು ಪುಟ್ಟ ತಕ್ಕಡಿ, ಪಕ್ಕದಲ್ಲಿ ಪುಸ್ತಕ. ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಎಣ್ಣೆಯನ್ನು ಎಂದಿನಂತೆ ಬಗ್ಗಿಸಿದಾಗ ಅದು ಒಂದು ದೊಡ್ಡ ಚಮಚದ 14 ಗ್ರಾಂ ದಾಟಿ 30ರ ಹತ್ತಿರ ಹೋಯಿತು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ಕಣ್ಣಂದಾಜಿನಲ್ಲಿ ಬಿದ್ದ ಆ ಇನ್ನೊಂದು ಚಮಚ ಮುಕ್ಕಾಲು ಗಂಟೆ ನಡಿಗೆಯ ಲಾಭಕ್ಕೆ ಸಮ. ಸಿಹಿ ಪಾನೀಯ, ಊಟದ ನಡುವಿನ ಕುರುಕಲು, ಅಡುಗೆ ಮಾಡುತ್ತಾ ನೋಡುವ ರುಚಿ, ಎಲ್ಲವೂ ಪುಸ್ತಕಕ್ಕೆ ಬಂದವು. ಉಪವಾಸ ಮಾಡಲಿಲ್ಲ, ಯಾವುದನ್ನೂ ಪೂರ್ತಿ ಬಿಡಲಿಲ್ಲ. ಎಣ್ಣೆ, ಸಕ್ಕರೆ ಇಳಿಸಿ ಪ್ರೋಟೀನು, ತರಕಾರಿ ಹೆಚ್ಚಿಸಿದೆ. ಪ್ರೋಟೀನಿನ ಕ್ಯಾಲೊರಿಯಲ್ಲಿ ಶೇಕಡಾ 20ರಿಂದ 30ರಷ್ಟು ಅದನ್ನು ಅರಗಿಸಿಕೊಳ್ಳುವುದಕ್ಕೇ ಖರ್ಚಾಗುತ್ತದೆ, ಹಸಿವೂ ಬೇಗ ಮರುಕಳಿಸುವುದಿಲ್ಲ.

ಕೈಗಡಿಯಾರ ತೋರಿಸುವ ಕ್ಯಾಲೊರಿಯನ್ನು ನಂಬಿ ಅಷ್ಟನ್ನೇ ತಿನ್ನಬೇಡಿ. ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಅತ್ಯಂತ ನಿಖರವಾದದ್ದರ ಕ್ಯಾಲೊರಿ ಲೆಕ್ಕವೂ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು.

ಒಂದನ್ನೇ ಆರಿಸಬೇಕಾದರೆ ಇಳಿಸುವುದಕ್ಕೆ ಊಟದ ಅಳತೆಯನ್ನು ಆರಿಸುತ್ತೇನೆ. ಇಳಿದದ್ದನ್ನು ಮತ್ತೆ ಏರದಂತೆ ಹಿಡಿದಿಡಲು ನಡಿಗೆಯೇ ಬೇಕು. ತೂಕ ಇಳಿಸಿ ಕನಿಷ್ಠ ಒಂದು ವರ್ಷವಾದರೂ ಅದನ್ನು ಉಳಿಸಿಕೊಂಡವರ ಮಾಹಿತಿ ಕಲೆಹಾಕಲು ಅಮೆರಿಕದಲ್ಲಿ 1994ರಿಂದ ಒಂದು ದಾಖಲೆಯಿದೆ. ಅದರಲ್ಲಿರುವವರು ಹೆಚ್ಚಾಗಿ ನೆಚ್ಚಿಕೊಂಡಿರುವ ವ್ಯಾಯಾಮ ನಡಿಗೆ. ನಾನು ಈಗಲೂ ವೇಗ ಬದಲಿಸುತ್ತಾ ನಡೆಯುತ್ತೇನೆ, ನಡುವೆ ಬಸ್ಕಿ ಇದೆ, ಎಣ್ಣೆಗೆ ಮಾತ್ರ ತಕ್ಕಡಿ ಉಳಿಸಿಕೊಂಡಿದ್ದೇನೆ.

ತೂಕವನ್ನು ಬೆಳಗ್ಗೆ, ಏನೂ ತಿನ್ನುವ ಮೊದಲು ನೋಡಿ, ವಾರದ ಸರಾಸರಿ ಬರೆದಿಡಿ. ನೀರಿನ ಏರಿಳಿತದಿಂದಲೇ ದಿನದಿಂದ ದಿನಕ್ಕೆ ಒಂದು ಕಿಲೋ ಆಚೀಚೆ ಆಗುವುದುಂಟು. ಸೊಂಟದ ಅಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಊಟ ಅಳೆದು, ಬಿರುಸಾಗಿ ನಡೆದೂ ಎರಡು ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ ವೈದ್ಯರಲ್ಲಿಗೆ ಹೋಗಿ ಥೈರಾಯ್ಡ್ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿಯನ್ನೂ ತೋರಿಸಿ. ಸ್ಟೀರಾಯ್ಡ್, ಇನ್ಸುಲಿನ್, ಖಿನ್ನತೆಯ ಕೆಲವು ಮಾತ್ರೆಗಳು ತೂಕ ಹೆಚ್ಚಿಸಬಲ್ಲವು. ಹಾಗೆಂದು ಅವನ್ನು ನೀವಾಗಿಯೇ ನಿಲ್ಲಿಸಬಾರದು.